ನನಗೆ ಗೊತ್ತಿತ್ತು ಎಂಬ ವಾಕ್ಯ

ತೀರ್ಥಹಳ್ಳಿ
4 ಆಗಸ್ಟ್ 2025

ಶ್ರೀಮತಿ ಯಶೋಧಾ ನಾಗೇಂದ್ರ ಅವರಿಗೆ,

ನಮಸ್ಕಾರ. ನಾನು ಇಲ್ಲಿನ ಕಾಡಂಚು ಸೇವಾ ಟ್ರಸ್ಟಿನ ಕಾರ್ಯದರ್ಶಿ ವಿನೋದ್. ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ನಿಮ್ಮ ಮುರುಕಲಮಕ್ಕಿಯಲ್ಲಿ ಊರವರೆಲ್ಲ ಸೇರಿ ಸತ್ತ ಮಂಗನಿಗೆ ಸಂಸ್ಕಾರ ಮಾಡಿದರಲ್ಲ, ಆಗ ಫೋಟೋ ತೆಗೆಯಲು ಬಂದಿದ್ದೆ. ನಿಮ್ಮ ಮನೆಯ ಜಗುಲಿಯಲ್ಲಿ ಅವಲಕ್ಕಿ ತಿಂದದ್ದು ಇನ್ನೂ ನೆನಪಿದೆ. ಅದಾಗಿ ಕೆಲವೇ ವಾರಗಳಲ್ಲಿ ನಾಗೇಂದ್ರಣ್ಣ ಮಂಗನ ಕಾಯಿಲೆಯಿಂದ ತೀರಿಕೊಂಡ ಸುದ್ದಿ ಕೇಳಿ ಬಹಳ ನೊಂದುಕೊಂಡೆ. ಕೆಲಸದ ಒತ್ತಡದಲ್ಲಿ ಬಂದು ಮಾತಾಡಿಸಲು ಆಗಲಿಲ್ಲ.

ಈಗ ಬರೆಯುವ ಕಾರಣ ಇಷ್ಟು. ಮುಂಬಯಿಯ ಒಂದು ಪ್ರತಿಷ್ಠಾನ ನಮ್ಮಂಥ ಸಂಸ್ಥೆಗಳಿಗೆ ದೊಡ್ಡ ಅನುದಾನ ಕೊಡಲಿದೆ. ಅದಕ್ಕೆ ಮೊದಲು ಎರಡು ಪುಟದ 'ಲೆಟರ್ ಆಫ್ ಇಂಟೆಂಟ್' ಕಳಿಸಬೇಕು. ಕನ್ನಡದಲ್ಲಿ ಆಶಯ ಪತ್ರ ಎನ್ನಬಹುದು. ಸಮಸ್ಯೆ ಏನು, ನಾವು ಏನು ಮಾಡಬೇಕೆಂದಿದ್ದೇವೆ, ಆ ಕೆಲಸಕ್ಕೆ ನಾವೇ ಯಾಕೆ ತಕ್ಕವರು, ಇಷ್ಟನ್ನು ಅದರಲ್ಲಿ ಹೇಳಬೇಕು. ಅದು ಅವರಿಗೆ ಹಿಡಿಸಿದರೆ ಮಾತ್ರ ಪೂರ್ತಿ ಅರ್ಜಿ ಕೇಳುತ್ತಾರೆ. ಸೆಪ್ಟೆಂಬರ್ ಕೊನೆಗೆ ಗಡುವು.

ನಾಗೇಂದ್ರಣ್ಣ ಮಂಗನ ಚಟ್ಟಕ್ಕೆ ಮುಂದೆ ನಿಂತು ಹೆಗಲು ಕೊಟ್ಟಿರುವ ಫೋಟೋವನ್ನು ಮೊದಲ ಪುಟದಲ್ಲೇ ಹಾಕಬೇಕೆಂದಿದ್ದೇನೆ. ಅದನ್ನು ನೋಡಿದರೆ ಯಾರ ಕರುಳಾದರೂ ಚುರುಕ್ ಎನ್ನುತ್ತದೆ. ನಿಮ್ಮ ಒಪ್ಪಿಗೆಯ ಸಹಿ ಬೇಕು. ನಿಮ್ಮ ನೋವಿನ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಪತ್ರದ ಕರಡನ್ನು ಜೊತೆಗಿಟ್ಟಿದ್ದೇನೆ. ನಿಮ್ಮ ಫೋನು ಹತ್ತಲಿಲ್ಲವಾದ್ದರಿಂದ ಹೊಸನಗರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿಮ್ಮವ,
ವಿನೋದ್


ಮುರುಕಲಮಕ್ಕಿ
11 ಆಗಸ್ಟ್ 2025

ವಿನೋದ್ ಅವರಿಗೆ,

ನಿಮ್ಮ ಲಕೋಟೆ ಬಂತು. ನಮ್ಮ ತಗ್ಗಿನಲ್ಲಿ ಫೋನು ಹತ್ತುವುದಿಲ್ಲ, ಗುಡ್ಡಕ್ಕೆ ಹೋಗಬೇಕು. ಹೋದರೂ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಲು ನನಗೆ ಮನಸ್ಸಿಲ್ಲ. ಏನಿದ್ದರೂ ಕಾಗದದಲ್ಲೇ ಬರೆಯಿರಿ. ಆಡಿದ್ದನ್ನು ಆಡಲೇ ಇಲ್ಲ ಎನ್ನಲು ಆಗ ಬರುವುದಿಲ್ಲ.

ಕರಡು ಓದಿದೆ. ಎರಡನೆಯ ಪ್ಯಾರಾದಲ್ಲಿ ನೀವು ಹೀಗೆ ಬರೆದಿದ್ದೀರಿ: 'ಅಜ್ಞಾನ ಮತ್ತು ಮೂಢನಂಬಿಕೆಯಿಂದಾಗಿ ಸ್ಥಳೀಯರು ಸತ್ತ ಮಂಗಗಳನ್ನು ಮುಟ್ಟಿ, ಹೊತ್ತು, ಮೆರವಣಿಗೆ ಮಾಡಿ ಸಾವನ್ನು ತಾವೇ ಮನೆಗೆ ಕರೆತರುತ್ತಾರೆ.' ಸತ್ತವರ ತಲೆಯ ಮೇಲೆ ಇಷ್ಟು ಸಲೀಸಾಗಿ ಗೂಬೆ ಕೂರಿಸಬಹುದೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಕನ್ನಡ ಮಾತ್ರ ಚೆನ್ನಾಗಿದೆ.

ನಾನು ಸಾಗರದಲ್ಲಿ ಬಿ.ಎ. ಓದಿದವಳು. ಇಲ್ಲಿನ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ರೇಷನ್ ಕಾರ್ಡಿನಿಂದ ಹಿಡಿದು ಪಹಣಿ ತಿದ್ದುಪಡಿಯವರೆಗೆ ಊರಿನ ಅರ್ಜಿಗಳನ್ನೆಲ್ಲ ನಾನೇ ಬರೆಯುವುದು. ಹಾಗಾಗಿ ನಿಮ್ಮ ಪತ್ರಕ್ಕೆ ನಾಲ್ಕು ಸಾಲು ಏನು, ಬೇಕಾದರೆ ಇಡೀ ಪ್ಯಾರಾ ಬರೆದುಕೊಡುತ್ತೇನೆ. ಸಹಿ ಆಮೇಲೆ ನೋಡೋಣ.

ಅದಕ್ಕೆ ಮೊದಲು ಒಂದು ಪ್ರಶ್ನೆ. ಸ್ಥಳೀಯರಿಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೀರಿ. ಆ ದಿನ ನಿಮಗೆ ಗೊತ್ತಿತ್ತೇ?

ನಮ್ಮ ಕ್ಷೇಮ ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿ ಈಗ ಇರುವುದು ನಾನು ಮತ್ತು ಅತ್ತೆ ದುಗ್ಗಮ್ಮ. ಇಬ್ಬರಿಗೆ ಎರಡು ಒಲೆ.

ಯಶೋಧಾ


ತೀರ್ಥಹಳ್ಳಿ
18 ಆಗಸ್ಟ್ 2025

ಪ್ರಿಯ ಯಶೋಧಕ್ಕ,

ನಿಮ್ಮ ಪತ್ರ ಓದಿ ಸಂತೋಷವಾಯಿತು. ಇಷ್ಟು ಚೆನ್ನಾಗಿ ಬರೆಯುವವರು ಅಲ್ಲಿದ್ದಾರೆಂದು ಗೊತ್ತೇ ಇರಲಿಲ್ಲ. ನಮ್ಮ ಅಧ್ಯಕ್ಷರಾದ ಮಂಜಯ್ಯನವರಿಗೂ ತೋರಿಸಿದೆ. ಅನುದಾನ ಬಂದರೆ ಹೊಸನಗರ ಭಾಗಕ್ಕೆ ಒಬ್ಬ ಸಂಯೋಜಕಿ ಬೇಕಾಗುತ್ತಾರೆ, ಗೌರವಧನ ಇರುತ್ತದೆ, ಅದು ನಿಮಗೇ ಎಂದು ಅವರು ಆಗಲೇ ಹೇಳಿಬಿಟ್ಟರು.

'ಅಜ್ಞಾನ' ಎಂಬ ಪದ ನಿಮಗೆ ನೋವು ಮಾಡಿದ್ದರೆ 'ಮಾಹಿತಿಯ ಕೊರತೆ' ಎಂದು ಬದಲಿಸುತ್ತೇನೆ. ಇಂಥ ಪತ್ರಗಳಿಗೆ ಒಂದು ರೀತಿ ಇದೆ ನೋಡಿ. ಸಮಸ್ಯೆ ಜನರಲ್ಲಿರಬೇಕು, ಪರಿಹಾರ ಸಂಸ್ಥೆಯಲ್ಲಿರಬೇಕು. ತಪ್ಪೊಪ್ಪುಗಳ ಮಾತು ತಂದರೆ ಕೊಡುವವರಿಗೆ ಗೊಂದಲವಾಗುತ್ತದೆ.

ಆ ದಿನ ನಾನು ಬಂದದ್ದು ಒಂದು ಆಚರಣೆಯನ್ನು ದಾಖಲಿಸಲು. ಊರಿನ ಹಿರಿಯರು ಗುತ್ಯಪ್ಪನವರೇ ಕರೆದಿದ್ದರು. ಹೊರಗಿನವನಾಗಿ ನಡುವೆ ಬಾಯಿ ಹಾಕುವುದು ಸರಿಯಲ್ಲವಷ್ಟೆ.

ಎರಡು ಒಲೆಯ ವಿಷಯ ಓದಿ ಬೇಸರವಾಯಿತು. ಹಿಸೆಯ ತಕರಾರೇನಾದರೂ ಇದ್ದರೆ ಹೇಳಿ, ನಮಗೆ ಪರಿಚಯದ ವಕೀಲರಿದ್ದಾರೆ. ಸಹಿ ಮಾಡಿದ ಕಾಗದವನ್ನು ಈ ವಾರವೇ ಬಸ್ಸಿಗೆ ಕೊಟ್ಟರೆ ಅನುಕೂಲ.

ವಿನೋದ್


ಮುರುಕಲಮಕ್ಕಿ
26 ಆಗಸ್ಟ್ 2025

ವಿನೋದ್ ಅವರಿಗೆ,

ಹಿಸೆಯ ತಕರಾರಲ್ಲ. ವಕೀಲರು ನಿಮಗೇ ಬೇಕಾದೀತು, ಇಟ್ಟುಕೊಳ್ಳಿ.

ನನ್ನ ಪ್ರಶ್ನೆಗೆ ನೀವು ಉತ್ತರ ಬರೆಯಲಿಲ್ಲ. ನಾನೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಭೂತಪ್ಪನ ಬನದ ಹತ್ತಿರ ಹಲಸಿನ ಮರದ ಬುಡದಲ್ಲಿ ಮಂಗ ಸತ್ತು ಬಿದ್ದಿತ್ತು. ಹನುಮಂತನ ಕುಲದ್ದು, ನಾಯಿ ನರಿ ಎಳೆಯಬಾರದು ಎಂದು ನಮ್ಮವರು ಅದನ್ನು ಮೀಯಿಸಿ, ಹೊಸ ಬಟ್ಟೆ ಹೊದಿಸಿ, ಕುಂಕುಮ ಇಟ್ಟು ಚಟ್ಟ ಕಟ್ಟಿದರು. ಹಿಂದಿನಿಂದ ಬಂದ ಪದ್ಧತಿ. ಮಂಗ ಸತ್ತ ಜಾಗದಲ್ಲಿ ಅದರ ಮೈಯಿಂದ ಉದುರಿದ ಉಣುಗು ಹುಳ ಕಚ್ಚಿಯೇ ಕಾಯಿಲೆ ಬರುವುದೆಂದು ನಮಗೆ ಆಗ ಯಾರೂ ಹೇಳಿರಲಿಲ್ಲ. ಈ ಬದಿಯಲ್ಲಿ ಅಲ್ಲಿಯವರೆಗೆ ಕಾಯಿಲೆ ಬಂದಿರಲಿಲ್ಲ. ಮೇಗರವಳ್ಳಿ ಕಡೆ ಅದನ್ನೇ ಮನೆಮನೆಗೆ ಹೇಳಿಕೊಂಡು ತಿರುಗುತ್ತಿದ್ದುದು ನಿಮ್ಮ ಟ್ರಸ್ಟು.

ನೀವು ಬಂದಿರಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದಿರಿ. ಗದ್ದೆಯಂಚಿನಲ್ಲಿ ದೂರ ನಿಂತೇ ಫೋಟೋ ತೆಗೆದಿರಿ. ಮುಗಿದ ಮೇಲೆ ನಮ್ಮನೆ ಜಗುಲಿಗೆ ಬಂದು ಬಿಸಿನೀರು, ಸೋಪು ಕೇಳಿದಿರಿ. ನೀರು ಹಾಕಿದವಳು ನಾನು. ನಿಮ್ಮ ಕೈ ಮೊಣಕೈವರೆಗೆ ಎಣ್ಣೆಯಿಂದ ಜಿಡ್ಡಾಗಿತ್ತು. ಒಂಥರಾ ಘಾಟು. ಅದೇನೆಂದು ಕೇಳಿದ್ದಕ್ಕೆ ಸೊಳ್ಳೆಗೆ ಹಚ್ಚಿಕೊಂಡದ್ದು ಎಂದಿರಿ. ಇವರು ಜ್ವರದಲ್ಲಿ ಕಣ್ಣು ಕೆಂಪಾಗಿ, ಒಸಡಿನಲ್ಲಿ ರಕ್ತ ಒಸರುತ್ತ ಆಸ್ಪತ್ರೆಯಲ್ಲಿ ಮಲಗಿದ್ದಾಗ ಊರಿನವರಿಗೆಲ್ಲ ಉಣುಗು ಕಚ್ಚದ ಹಾಗೆ ಹಚ್ಚುವ ಎಣ್ಣೆ ಹಂಚಿದರು. ಬಾಟಲಿ ಮುಚ್ಚಳ ತೆಗೆದೆ. ಅದೇ ಘಾಟು. ನಮಗೆ ಹೇಳದೆ ನೀವೊಬ್ಬರೇ ಹಚ್ಚಿಕೊಂಡು ಬಂದಿದ್ದಿರಿ.

ಈಗ ಒಲೆಯ ವಿಷಯ. ಆ ದಿನ ಬೆಳಿಗ್ಗೆ ಕೊಟ್ಟಿಗೆಗೆ ಒಣಗಿದ ದರಗೆಲೆ ತರುವ ಕೆಲಸ ಬಾಕಿ ಇತ್ತು. ಸತ್ತ ಮಂಗನಿಗೆ ಹೆಗಲು ಕೊಡಲು ಇವರೇ ಆಗಬೇಕಾ ಎಂದು ಅತ್ತೆಯ ಎದುರಿಗೇ ನಾನು ಗೊಣಗಿದೆ. ನನ್ನ ಆ ಮಾತಿಗೆ ದೇವರು ಮುನಿದು ಮಗನನ್ನು ಕೊಂಡೊಯ್ದ ಎಂದು ದುಗ್ಗಮ್ಮ ನಂಬಿದ್ದಾರೆ. ಅವತ್ತಿನಿಂದ ನನ್ನ ಕೈಯ ಒಂದು ಲೋಟ ನೀರು ಕೂಡ ಮುಟ್ಟಿಲ್ಲ. ಉಣುಗು, ಎಣ್ಣೆ ಎಂದು ನಾನು ಎಷ್ಟು ಹೇಳಿದರೂ ತಪ್ಪಿಸಿಕೊಳ್ಳಲು ಕಥೆ ಕಟ್ಟುತ್ತೇನೆ ಎನ್ನುತ್ತಾರೆ. ಊರಿನ ಅರ್ಧ ಜನರೂ ಅದನ್ನೇ ಹೇಳುತ್ತಾರೆ.

ಸಹಿ ಬೇಕಿದ್ದರೆ ನಿಮ್ಮ ಎರಡನೆಯ ಪ್ಯಾರಾದಲ್ಲಿ 'ಅಜ್ಞಾನ' ತೆಗೆದು ಇದನ್ನು ಹಾಕಿ: 'ಸತ್ತ ಮಂಗನನ್ನು ಮುಟ್ಟಬಾರದೆಂದು ನನಗೆ ಗೊತ್ತಿತ್ತು. ನಾನು ಎಣ್ಣೆ ಹಚ್ಚಿಕೊಂಡು ದೂರ ನಿಂತು ಫೋಟೋ ತೆಗೆದೆ. ಯಾರಿಗೂ ಹೇಳಲಿಲ್ಲ.'

ಇದಕ್ಕಿಂತ ಒಳ್ಳೆಯ ಪ್ಯಾರಾ ನಿಮಗೆ ಮುಂಬಯಿಯಲ್ಲೂ ಸಿಗಲಿಕ್ಕಿಲ್ಲ.

ಯಶೋಧಾ


ತೀರ್ಥಹಳ್ಳಿ
4 ಸೆಪ್ಟೆಂಬರ್ 2025

ಯಶೋಧಾ ಅವರೇ,

ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ಆದರೆ ದುಃಖದಲ್ಲಿ ಮನುಷ್ಯ ಯಾರನ್ನಾದರೂ ಹೊಣೆ ಮಾಡಲು ನೋಡುತ್ತಾನೆ. ನಾನು ಹೇಳಿದ್ದರೆ ನಿಮ್ಮ ಹಿರಿಯರು ಕೇಳುತ್ತಿದ್ದರೇ? ದೇವರ ಕೆಲಸಕ್ಕೆ ಅಡ್ಡ ಬಂದ ಎಂದು ನನ್ನನ್ನೇ ಊರಾಚೆ ಅಟ್ಟುತ್ತಿದ್ದರು.

ಆದರೂ ನಿಮ್ಮ ಭಾವನೆಗೆ ಬೆಲೆ ಕೊಟ್ಟು ಈ ವಾಕ್ಯ ಸೇರಿಸಲು ಸಿದ್ಧ: 'ಲಭ್ಯವಿದ್ದ ಮಾಹಿತಿಯು ಸಕಾಲದಲ್ಲಿ ಸಮುದಾಯವನ್ನು ತಲುಪುವಲ್ಲಿ ಕೆಲವು ಕೊರತೆಗಳು ಕಂಡುಬಂದಿವೆ.' ಮಂಜಯ್ಯನವರೂ ಇದಕ್ಕೆ ಒಪ್ಪಿದ್ದಾರೆ. ಇದಕ್ಕಿಂತ ಮುಂದೆ ಹೋಗಲು ಆಗದು.

ಇನ್ನೊಂದು ಮಾತು. ಅನುದಾನ ಕೈತಪ್ಪಿದರೆ ನಷ್ಟ ನನಗಲ್ಲ. ನಿಮ್ಮ ಊರುಗಳಿಗೆ ಎಣ್ಣೆ, ರಕ್ತಪರೀಕ್ಷೆಗೆ ಕರೆದೊಯ್ಯುವ ವಾಹನ, ಇದೆಲ್ಲ ತಪ್ಪುತ್ತದೆ. ಬರುವ ಜನವರಿಯಲ್ಲಿ ಯಾರಿಗಾದರೂ ಏನಾದರೂ ಆದರೆ ಆ ಪಾಪ ಹೊರಲು ನೀವು ಸಿದ್ಧರೇ?

ವಿನೋದ್


ಮುರುಕಲಮಕ್ಕಿ
9 ಸೆಪ್ಟೆಂಬರ್ 2025

ವಿನೋದ್ ಅವರಿಗೆ,

ನಿಮ್ಮ ವಾಕ್ಯವನ್ನು ಬೆಳಿಗ್ಗೆಯಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಅದರಲ್ಲಿ ಒಬ್ಬ ಮನುಷ್ಯನೂ ಇಲ್ಲ. ಮಾಹಿತಿ ತಾನೇ ನಡೆದು ಬರಬೇಕಿತ್ತೇ? ಕೊರತೆ ಯಾರಿಗೆ ಕಂಡುಬಂತು, ಎಲ್ಲಿ ಕಂಡುಬಂತು? ನನ್ನ ಗಂಡ ಈ ವಾಕ್ಯದಲ್ಲಿ ಸತ್ತೂ ಇಲ್ಲ, ಬದುಕಿಯೂ ಇಲ್ಲ. ಮೂಗಿಗೆ ತುಪ್ಪ ಸವರುವುದನ್ನು ಇಷ್ಟು ದೊಡ್ಡ ಪದಗಳಲ್ಲಿ ಮಾಡಬಹುದೆಂದು ಇವತ್ತು ತಿಳಿಯಿತು.

ಹಿರಿಯರು ಕೇಳುತ್ತಿರಲಿಲ್ಲ ಎನ್ನುತ್ತೀರಿ. ಇರಬಹುದು. ಹೇಳಿ, ಬೈಸಿಕೊಂಡು, ಅಟ್ಟಿಸಿಕೊಂಡು ಹೋಗಿದ್ದರೆ ಇವತ್ತು ನಾನು ನಿಮ್ಮ ಕಾಲಿಗೆ ಬೀಳುತ್ತಿದ್ದೆ.

ಪಾಪದ ಲೆಕ್ಕವನ್ನು ನನಗೆ ಹೇಳಿಕೊಡಬೇಡಿ. ನನಗೆ ನಿಮ್ಮ ಮೇಲೆ ಇರುವುದು ದುಃಖವಲ್ಲ, ಸಿಟ್ಟು. ಹೊಟ್ಟೆಯೊಳಗೆ ಉರಿಯುತ್ತಲೇ ಇದೆ. ಅದನ್ನು ಆರಿಸಿಕೊಳ್ಳುವ ಆತುರವೂ ನನಗಿಲ್ಲ.

ಫೋಟೋಗೆ ಒಪ್ಪಿಗೆ ಇಲ್ಲ. ನಾನು ಬರೆದ ಮೂರು ವಾಕ್ಯ ಬಿಟ್ಟು ನಾಲ್ಕನೆಯದು ಬೇಡ.

ಯಶೋಧಾ


ತೀರ್ಥಹಳ್ಳಿ
29 ಸೆಪ್ಟೆಂಬರ್ 2025

ಮಾನ್ಯರೇ,

ಆಶಯ ಪತ್ರವನ್ನು ಈ ದಿನ ಸಲ್ಲಿಸಲಾಗಿದೆ. ತಮ್ಮ ಪತಿಯ ಮುಖ ಕಾಣದ ಹಾಗೆ, ಹಿಂದಿನಿಂದ ತೆಗೆದ ಬೇರೆ ಫೋಟೋವನ್ನು ಬಳಸಿರುವುದರಿಂದ ತಮ್ಮ ಒಪ್ಪಿಗೆಯ ಅಗತ್ಯ ಬೀಳಲಿಲ್ಲ. ತಾವು ಸೂಚಿಸಿದ ವಾಕ್ಯಗಳನ್ನು ಸೇರಿಸಿಲ್ಲ. ಸಂಯೋಜಕಿಯ ಸ್ಥಾನಕ್ಕೆ ಬೇರೆಯವರನ್ನು ಯೋಚಿಸಲಾಗುತ್ತಿದೆ.

ತಮ್ಮ ಸಹಕಾರಕ್ಕೆ ವಂದನೆಗಳು.

ವಿನೋದ್
ಕಾರ್ಯದರ್ಶಿ


ತೀರ್ಥಹಳ್ಳಿ
3 ನವೆಂಬರ್ 2025

ಪ್ರಿಯ ಯಶೋಧಕ್ಕ,

ಹೇಗಿದ್ದೀರಿ? ಅತ್ತೆಯವರ ಆರೋಗ್ಯ ಹೇಗಿದೆ? ನನ್ನ ಹಿಂದಿನ ಪತ್ರದಲ್ಲಿ ಮಾತು ಸ್ವಲ್ಪ ಒರಟಾಯಿತೆಂದು ಆಮೇಲೆ ಅನ್ನಿಸಿತು. ಗಡುವಿನ ಗಡಿಬಿಡಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಒಂದು ಒಳ್ಳೆಯ ಸುದ್ದಿ. ನಮ್ಮ ಆಶಯ ಪತ್ರ ಅವರಿಗೆ ಹಿಡಿಸಿದೆ. ಆದರೆ ಪೂರ್ತಿ ಅರ್ಜಿ ಕೇಳುವ ಮೊದಲು ಪತ್ರದಲ್ಲಿ ಹೆಸರಿಸಿದ ಊರಿನ ಮಹಿಳಾ ಸಂಘದಿಂದ ಒಂದು ಬೆಂಬಲ ಪತ್ರ ನೇರವಾಗಿ ತಮಗೆ ಬರಬೇಕೆಂದು ಅಲ್ಲಿನ ಅಧಿಕಾರಿ ಸುಷ್ಮಾ ಮೇಡಂ ತಿಳಿಸಿದ್ದಾರೆ. ಅವರು ಕನ್ನಡದವರೇ, ಕನ್ನಡದಲ್ಲಿ ಬರೆದರೆ ಸಾಕಂತೆ. ನಾನು ಹೆಸರಿಸಿದ್ದು ಮುರುಕಲಮಕ್ಕಿಯನ್ನು. ಸಂಘದ ಅಧ್ಯಕ್ಷೆ ನೀವು.

ವಿಳಾಸ ಇದರ ಜೊತೆಗಿದೆ. ಹತ್ತು ಸಾಲು ಸಾಕು. ಟ್ರಸ್ಟು ಒಳ್ಳೆಯ ಕೆಲಸ ಮಾಡುತ್ತಿದೆ, ಊರಿಗೆ ಇದರಿಂದ ಉಪಕಾರವಾಗುತ್ತದೆ ಎಂದಿದ್ದರೆ ಆಯಿತು. ಸಂಯೋಜಕಿಯ ಜಾಗವನ್ನು ಯಾರಿಗೂ ಕೊಟ್ಟಿಲ್ಲ.

ಹಳೆಯದನ್ನು ಮರೆಯೋಣ. ದಯವಿಟ್ಟು ಉತ್ತರಿಸಿ.

ನಿಮ್ಮ ತಮ್ಮನಂಥ,
ವಿನೋದ್


ತೀರ್ಥಹಳ್ಳಿ
12 ನವೆಂಬರ್ 2025

ಯಶೋಧಕ್ಕ,

ಲಕೋಟೆ ನಿಮ್ಮ ಕೈಗೇ ಕೊಟ್ಟೆನೆಂದು ಕಂಡಕ್ಟರ್ ಹೇಳುತ್ತಾನೆ. ಉತ್ತರವಿಲ್ಲ. ಸುಷ್ಮಾ ಮೇಡಂ ಎರಡು ಸಲ ಕೇಳಿದರು. ನಿಮಗೆ ಏನು ಬೇಕು, ಅದನ್ನಾದರೂ ಹೇಳಿ.

ವಿನೋದ್


ಮುರುಕಲಮಕ್ಕಿ
17 ನವೆಂಬರ್ 2025

ವಿನೋದ್ ಅವರಿಗೆ,

ತಡವಾಯಿತು. ಸಂಘದ ಸಭೆ ಕರೆದು, ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿ, ಸಹಿ ಹೆಬ್ಬೆಟ್ಟು ಹಾಕಿಸಬೇಕಿತ್ತು. ಗುತ್ಯಪ್ಪನವರು ಕೂಡ ಬಂದು ಹಿಂದೆ ಕುಳಿತು ಕೇಳಿದರು. ಮುಗಿದ ಮೇಲೆ ಎದ್ದು ಹೋದರು. ಅತ್ತೆ ಸಭೆಗೆ ಬರಲಿಲ್ಲ. ನಾನು ಬರೆದದ್ದನ್ನು ಅವರು ಕೇಳುವುದಿಲ್ಲ.

ಬೆಂಬಲ ಪತ್ರವನ್ನು ಹೊಸನಗರದಲ್ಲಿ ಸ್ಪೀಡ್ ಪೋಸ್ಟ್ ಮಾಡಿಸಿದ್ದೇನೆ. ಈಗಾಗಲೇ ಹೊರಟಿದೆ, ತಡೆಯಲು ಆಗದು. ನಿಮಗೂ ಒಂದು ಪ್ರತಿ ಬರೆದು ಕಳಿಸುತ್ತಿದ್ದೇನೆ. ಓದಿಕೊಳ್ಳಿ.

'ಸುಷ್ಮಾ ಮೇಡಂ ಅವರಿಗೆ, ಮುರುಕಲಮಕ್ಕಿಯ ಸ್ತ್ರೀಶಕ್ತಿ ಸಂಘದ ನಮಸ್ಕಾರ.

ಕಾಡಂಚು ಟ್ರಸ್ಟಿಗೆ ಅನುದಾನ ಕೊಡಿ ಎಂದು ನಾವೆಲ್ಲರೂ ಕೇಳಿಕೊಳ್ಳುತ್ತೇವೆ. ನಮಗೆ ಅದು ಬೇಕು. ಜನವರಿ ಬಂದರೆ ಕಾಡಿಗೆ ಹೋಗಲು ಭಯ, ಹೋಗದಿದ್ದರೆ ದನಕ್ಕೆ ಸೊಪ್ಪಿಲ್ಲ, ಒಲೆಗೆ ಸೌದೆಯಿಲ್ಲ.

ಟ್ರಸ್ಟಿನ ಪತ್ರದಲ್ಲಿ ನಮ್ಮನ್ನು ಅಜ್ಞಾನಿಗಳು ಎಂದೋ, ಮಾಹಿತಿ ಕೊರತೆಯವರು ಎಂದೋ ಬರೆದಿದೆ. ನಮಗೆ ಗೊತ್ತಿರಲಿಲ್ಲ ಎಂಬುದು ನಿಜ. ಸತ್ತ ಮಂಗನಿಗೆ ಸಂಸ್ಕಾರ ಮಾಡಿದ ದಿನ ನಮ್ಮ ನಡುವೆ ಗೊತ್ತಿದ್ದವರು ಒಬ್ಬರೇ ಇದ್ದರು. ಅವರು ಟ್ರಸ್ಟಿನ ಕಾರ್ಯದರ್ಶಿ ವಿನೋದ್. ಎಣ್ಣೆ ಹಚ್ಚಿಕೊಂಡು ದೂರ ನಿಂತು, ನಮ್ಮವರು ಮಂಗನನ್ನು ಹೊರುವುದರ ಫೋಟೋ ತೆಗೆದರು. ಹೇಳಲಿಲ್ಲ. ಹೊತ್ತವರಲ್ಲಿ ಮೂವರಿಗೆ ಜ್ವರ ಬಂತು. ನನ್ನ ಗಂಡ ನಾಗೇಂದ್ರ ಉಳಿಯಲಿಲ್ಲ.

ಇದಕ್ಕಾಗಿ ಅವರನ್ನು ಕೆಲಸದಿಂದ ತೆಗೆಯಬೇಡಿ. ಇದು ನಮ್ಮ ಮುಖ್ಯ ಕೋರಿಕೆ. ತೆಗೆದರೆ ಅವರು ಇನ್ನೊಂದು ಊರಿನಲ್ಲಿ ಇನ್ನೊಂದು ಬೋರ್ಡು ಹಾಕಿ ಇನ್ನೊಂದು ಪತ್ರ ಬರೆಯುತ್ತಾರೆ. ಚೆನ್ನಾಗಿ ಬರೆಯುತ್ತಾರೆ. ಅವರನ್ನು ನಮಗೇ ಕೊಡಿ. ಕಾಯಿಲೆಯ ಕಾಲ ಶುರುವಾಗುವ ಮೊದಲು ಅವರು ಈ ಊರಿನ ಒಂದೊಂದು ಮನೆಯ ಜಗುಲಿಗೂ ಬಂದು, ಆ ದಿನ ನನಗೆ ಗೊತ್ತಿತ್ತು, ಹೇಳಲಿಲ್ಲ ಎಂದು ಬಾಯಿಬಿಟ್ಟು ಹೇಳಲಿ. ಮೊದಲು ನಮ್ಮ ಮನೆಗೆ, ನಮ್ಮ ಅತ್ತೆಗೆ. ಆಮೇಲೆ ಎಣ್ಣೆ ಹಂಚಲಿ. ಘಾಟು, ತುರಿಕೆ ಎಂದು ಇಲ್ಲಿ ಯಾರೂ ಎಣ್ಣೆ ಮುಟ್ಟುವುದಿಲ್ಲ. ಹಚ್ಚಿಕೊಂಡು ಬದುಕಿದವರು ಎದುರಿಗೆ ನಿಂತು ಹೇಳಿದರೆ ಹಚ್ಚುತ್ತಾರೆ.'

ಇಷ್ಟೇ. ನಿಮ್ಮ ಒಳ್ಳೆಯದಕ್ಕೆ ಹೀಗೆ ಬರೆದೆ ಎಂದು ತಿಳಿಯಬೇಡಿ. ಊರಿಗೆ ಎಣ್ಣೆ ಸಿಗಬೇಕು, ನಿಮಗೆ ಶಿಕ್ಷೆಯೂ ಆಗಬೇಕು. ಎರಡೂ ಒಂದೇ ಕಾಗದದಲ್ಲಿ ಹಿಡಿಸಿತು, ಅದಕ್ಕೆ ನನಗೆ ಬಹಳ ತೃಪ್ತಿಯಾಗಿದೆ.

ಯಶೋಧಾ


ತೀರ್ಥಹಳ್ಳಿ
8 ಡಿಸೆಂಬರ್ 2025

ಯಶೋಧಾ ಅವರೇ,

ನೀವು ಗೆದ್ದಿರಿ. ಸುಷ್ಮಾ ಮೇಡಂ ನಿಮ್ಮ ಪತ್ರವನ್ನು ಹಾಗೆಯೇ ಮಂಜಯ್ಯನವರಿಗೆ ಕಳಿಸಿದ್ದಾರೆ. ಸಂಘ ಕೇಳಿದ್ದನ್ನು ಟ್ರಸ್ಟು ಮಾಡಿದರೆ ಮಾತ್ರ ಪೂರ್ತಿ ಅರ್ಜಿ ತೆಗೆದುಕೊಳ್ಳುತ್ತಾರಂತೆ. ಮಂಜಯ್ಯನವರು ನನ್ನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದರು, "ಹೋಗಿ ಹೇಳಿ ಬಾ ಮಾರಾಯ, ನಾನಂತೂ ನಿನ್ನ ಪರವಾಗಿ ಹೇಳಕ್ಕಾಗಲ್ಲ." ರಾಜೀನಾಮೆ ಕೊಡುತ್ತೇನೆ ಎಂದೆ. ಅದನ್ನೂ ಬೇಡ ಎಂದು ಊರಿನವರೇ ಬರೆದಿದ್ದಾರಲ್ಲ ಎಂದರು.

ನೀವು ಇಷ್ಟು ಸಲ ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಗೊತ್ತಿತ್ತು. ಹಿರಿಯರ ಭಯ, ಹೊರಗಿನವನೆಂಬ ಸಂಕೋಚ, ಅದೆಲ್ಲ ಆಮೇಲೆ ಜೋಡಿಸಿಕೊಂಡದ್ದು. ಹೇಳಿದ್ದರೆ ಮೆರವಣಿಗೆ ನಿಲ್ಲುತ್ತಿತ್ತು. ನನಗೆ ಫೋಟೋ ಬೇಕಿತ್ತು. ಚಟ್ಟ ಎತ್ತುವಾಗ ಒಮ್ಮೆ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಎಳೆಬಿಸಿಲು ಸರಿಯಾಗಿ ನಾಗೇಂದ್ರಣ್ಣನ ಮುಖಕ್ಕೆ ಬಿತ್ತು.

ಇಷ್ಟನ್ನು ಇಲ್ಲಿ ಬರೆದುಕೊಟ್ಟಿದ್ದೇನಲ್ಲ. ಇದನ್ನೇ ಅತ್ತೆಯವರಿಗೆ ಓದಿ ಹೇಳಿದರೆ ಆಗದೇ? ಮುದುಕಿಯ ಎದುರು ನಿಲ್ಲುವುದು ನನಗೆ ಬಹಳ ಕಷ್ಟ.

ವಿನೋದ್


ಮುರುಕಲಮಕ್ಕಿ
11 ಡಿಸೆಂಬರ್ 2025

ಆಗದು. ನಾನು ಓದಿದರೆ ಅದು ನಾನೇ ಬರೆದದ್ದೆನ್ನುತ್ತಾರೆ. ಕಷ್ಟವಾಗುವುದಕ್ಕೇ ಕರೆಯುತ್ತಿರುವುದು. ಬನ್ನಿ.

ಯಶೋಧಾ


ತೀರ್ಥಹಳ್ಳಿ
20 ಡಿಸೆಂಬರ್ 2025

ಯಶೋಧಾ ಅವರೇ,

ನಿನ್ನೆ ಬಂದು ಹೋದದ್ದು ನಿಮಗೆ ಗೊತ್ತೇ ಇದೆ. ನೀವು ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದಿರಿ, ಹೊರಗೆ ಬರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅತ್ತೆಯವರು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದೆ. ಕುಳಿತುಕೋ ಎನ್ನಲಿಲ್ಲ, ನಿಂತೇ ಇದ್ದೆ. ಇರುವುದನ್ನು ಇರುವ ಹಾಗೆ ಹೇಳಿದೆ. ಉಣುಗು, ಎಣ್ಣೆ, ಫೋಟೋ, ಎಲ್ಲ. ನಿಮ್ಮ ಮಾತಿಗೂ ಅವರ ಮಗ ತೀರಿಕೊಂಡದ್ದಕ್ಕೂ ಸಂಬಂಧವಿಲ್ಲ, ನಾನು ಬಾಯಿಬಿಟ್ಟಿದ್ದರೆ ನಾಗೇಂದ್ರಣ್ಣ ಮಂಗನ ಹತ್ತಿರ ಹೋಗುತ್ತಲೇ ಇರಲಿಲ್ಲ ಎಂದೂ ಹೇಳಿದೆ. ಅವರು ಮೊರ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ. ನಾನು ಕೈ ಮುಗಿದು ಮೆಟ್ಟಿಲಿಳಿದೆ.

ಬಸ್ಸಿನಲ್ಲಿ ಕುಳಿತಾಗ ಮನಸ್ಸು ಹಗುರಾಗಿತ್ತು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಹಿರಿಯ ಜೀವ, ಮನಸ್ಸಿನಲ್ಲೇ ಕ್ಷಮಿಸಿದರು ಎಂದುಕೊಂಡಿದ್ದೇನೆ. ಮುಖ್ಯವಾದ ಮನೆ ಮುಗಿಯಿತಲ್ಲ, ಉಳಿದ ಮನೆಗಳಿಗೆ ನಮ್ಮ ಸಿಬ್ಬಂದಿ ಹೋದರೆ ಸಾಕಾಗದೇ? ಇಲ್ಲಿಗೆ ಇದು ಮುಗಿಯಿತೆಂದು ತಿಳಿಯಲೇ?

ವಿನೋದ್


ಮುರುಕಲಮಕ್ಕಿ
24 ಡಿಸೆಂಬರ್ 2025

ವಿನೋದ್ ಅವರಿಗೆ,

ನೀವು ಹೋದ ಮೇಲೆ ಅತ್ತೆ ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ. ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ, ಆದರೂ ಕೇರುತ್ತಲೇ ಇದ್ದರು. ಕತ್ತಲಾಗುವಾಗ ನನ್ನನ್ನು ಕರೆದು, "ಅಂವ ಹೇಳಿದ್ದು ಹೌದಾ?" ಎಂದು ಕೇಳಿದರು. ಹೌದು ಎಂದೆ. ನೀನು ಇಷ್ಟು ದಿನ ಹೇಳುತ್ತಿದ್ದುದೂ ಇದನ್ನೇಯಾ ಎಂದರು. ಅದಕ್ಕೂ ಹೌದು ಎಂದೆ.

ಆ ರಾತ್ರಿ ಅವರು ತಮ್ಮ ಒಲೆ ಹೊತ್ತಿಸಲಿಲ್ಲ. ಬಂದು ನನ್ನ ಒಲೆಯ ಎದುರು ಕುಳಿತರು. ನಾನು ಗಂಜಿ ಬಡಿಸಿದೆ, ಉಂಡರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ನನ್ನ ಕೈಯ ಅನ್ನ ಅವರ ಗಂಟಲಲ್ಲಿ ಇಳಿಯುವುದನ್ನು ನೋಡಲು ನಾನು ಇಷ್ಟು ಕಾಲ ಕಾದಿದ್ದೆ. ಅಷ್ಟರ ಮಟ್ಟಿಗೆ ನೀವು ಬಂದದ್ದರಿಂದ ನನಗೆ ಸಿಗಬೇಕಾದದ್ದು ಸಿಕ್ಕಿದೆ. ಅದಕ್ಕೆ ನಿಮಗೆ ಉಪಕಾರ ಹೇಳುವುದಿಲ್ಲ.

ನೀವು ತಪ್ಪು ತಿಳಿದಿರುವುದು ಒಂದೇ. ಅವರು ಕ್ಷಮಿಸಿಲ್ಲ. ಇಂದು ಬೆಳಿಗ್ಗೆ ಎದ್ದವರೇ ಊರಿನ ಮನೆಮನೆಗೆ ಹೋಗಿ ಬಂದರು. ವರ್ಷದ ಮೇಲಾಯಿತು, ಅಂಗಳ ದಾಟಿರಲಿಲ್ಲ ಅವರು. ಸೋಮವಾರ ನಮ್ಮ ಜಗುಲಿಗೆ ಬರಬೇಕೆಂದು ಗುತ್ಯಪ್ಪನವರಿಂದ ಹಿಡಿದು ಎಲ್ಲರಿಗೂ ಹೇಳಿದ್ದಾರೆ. ಬಂದು ಕುಳಿತು ನನಗೆ ಹೀಗೆಂದರು:

"ಆ ತಮ್ಮಂಗೆ ಕಾಗ್ದ ಬರಿ ಮಗಾ. ಅವತ್ತು ನಂಗೆ ಸರಿಯಾಗಿ ಕೇಳ್ಲಿಲ್ಲ ಅಂತ ಬರಿ. ಇನ್ನೊಂದ್ಸಲ ಬಂದು ಹೇಳ್ಲಿ."

ನಮ್ಮ ಅತ್ತೆಯ ಕಿವಿಗೆ ಏನೂ ಆಗಿಲ್ಲ. ಹಿತ್ತಿಲಿನಲ್ಲಿ ಕೋಳಿ ರೆಕ್ಕೆ ಬಡಿದರೂ ಒಳಗಿನಿಂದಲೇ ಎದ್ದು ಬರುತ್ತಾರೆ.

ಉಳಿದ ಮನೆಗಳಿಗೆ ಸಿಬ್ಬಂದಿ ಬೇಡ, ನೀವೇ ಬನ್ನಿ. ಸೋಮವಾರದ ಬೆಳಗಿನ ಬಸ್ಸಿಗೆ ಹೊರಡಿ. ಆ ದಿನವಾದರೂ ಅವರಿಗೆ ಸರಿಯಾಗಿ ಕೇಳಿಸುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಯಶೋಧಾ